ಒರತೆಗೆ ಶಕ್ತಿ ಎಲ್ಲಿಂದ ಬಂತು

ನಾನು ಬರೆಯುತ್ತಿರುವ ಧಾರಾವಾಹಿಯ ನಾಯಕಿಗೆ ಊರವರು ಇಟ್ಟ ಹೆಸರು ಒರತೆ. ಮನೆಯಲ್ಲಿ ಅವಳು ಸುನೀತಾ. ಎಣ್ಮಕಜೆ ಪಂಚಾಯತಿನ ಒಂದು ಗುಡ್ಡೆಯ ಬುಡದಲ್ಲಿ ಮನೆ, ಅಜ್ಜ ನೀರಿಗಾಗಿ ಗುಡ್ಡೆಗೆ ಸುರಂಗ ತೋಡುವವರು, ಅವಳು ಬಸ್ಸಿನಲ್ಲಿ ಕಾಸರಗೋಡಿಗೆ ಹೋಗಿ ಬಿ.ಎಸ್ಸಿ. ಓದುವವಳು. ಮುರಕಲ್ಲಿಗೆ, ಅಂದರೆ ನಮ್ಮ ಕಡೆಯ ಕೆಂಪು ಜಂಬಿಟ್ಟಿಗೆ ಕಲ್ಲಿಗೆ, ಅಂಗೈ ಊರಿದರೆ ಒಳಗೆ ನೀರು ಹರಿಯುವುದು ಅವಳಿಗೆ ಕೇಳುತ್ತದೆ. ಆ ನೀರಿಗೆ ದಾರಿ ಬಿಡಿಸಿಕೊಡುವುದೂ ಅವಳಿಗೆ ಗೊತ್ತು. ಭಾನುವಾರ ರಾತ್ರಿ ಒಂದೊಂದು ಅಧ್ಯಾಯ ಪ್ರತಿಲಿಪಿ ಎಂಬ ಕಥೆಗಳ ಆ್ಯಪಿನಲ್ಲಿ ಹಾಕುತ್ತಿದ್ದೇನೆ. ಮೊದಲ ಸಂಪುಟ ಮುಗಿಯುವ ಹಂತಕ್ಕೆ ಬಂದಿದೆ. ಇದಕ್ಕಿಂತ ಮೊದಲು ನಾನು ಬರೆದದ್ದು ಶಾಲೆಯ ಕೈಬರಹದ ಪತ್ರಿಕೆಗೆ ಕೆಲವು ಕವನ, ಅಷ್ಟೇ.

ಓದಿದ ಸ್ನೇಹಿತೆಯರು ಕೇಳುವ ಮೊದಲ ಪ್ರಶ್ನೆ, "ಸೂಪರ್‌ಹೀರೋ ಕಥೆಯನ್ನು ಕನ್ನಡದಲ್ಲಿ ಹೇಗೆ ಬರೀತೀ ಮಾರಾಯ್ತಿ?" ತಾವೂ ಬರೆಯಬೇಕು ಎಂದು ಆಸೆ ಇಟ್ಟುಕೊಂಡವರು ಅದನ್ನೇ ಸ್ವಲ್ಪ ತಿರುಗಿಸಿ, ಎಲ್ಲಿಂದ ಶುರು ಮಾಡುವುದು ಅಂತ ಕೇಳುತ್ತಾರೆ. ನನ್ನ ಮಟ್ಟಿಗೆ ಎಲ್ಲವೂ ಒಂದೇ ಪ್ರಶ್ನೆಯಿಂದ ಶುರುವಾಯಿತು. ಈ ಹುಡುಗಿಗೆ ಶಕ್ತಿ ಎಲ್ಲಿಂದ ಬಂತು? ಅದಕ್ಕೆ ಉತ್ತರ ಸಿಗುವವರೆಗೆ ಒಂದು ಸಾಲೂ ಮುಂದಕ್ಕೆ ಹೋಗಲಿಲ್ಲ, ಸಿಕ್ಕಿದ ಮೇಲೆ ಕಥೆಯ ಅರ್ಧ ಕೆಲಸ ಅದೇ ಮಾಡಿಕೊಟ್ಟಿತು.

1938ರಲ್ಲಿ ಅಮೆರಿಕದಲ್ಲಿ ಸೂಪರ್‌ಮ್ಯಾನ್ ಅಚ್ಚಾದಂದಿನಿಂದ ಇಂಥ ಕಥೆಗಳಲ್ಲಿ ಶಕ್ತಿ ಬರುವ ದಾರಿಗಳು ಬಹುಮಟ್ಟಿಗೆ ಗೊತ್ತಾಗಿಹೋಗಿವೆ. ಒಬ್ಬ ಬೇರೆ ಗ್ರಹದಿಂದ ಬಂದವನು, ಒಬ್ಬ ವಿಕಿರಣಕ್ಕೆ ಸಿಕ್ಕಿದವನು, ಇನ್ನೊಬ್ಬನ ಮೈಮೇಲೆ ಏನೋ ರಾಸಾಯನಿಕ ಚೆಲ್ಲಿತು. ಹೊಸದಾಗಿ ಬರೆಯುವವರ ಕೈಗೆ ಬೇಗ ಸಿಗುವುದು ಈ ಕೊನೆಯ ದಾರಿ. ವಿಷ ತಾಗಿತು, ಸಾಯಬೇಕಾದವನು ಸಾಯಲಿಲ್ಲ, ಎದ್ದು ನಿಂತಾಗ ಅವನಿಗೆ ಹತ್ತಾಳಿನ ಬಲ.

ಕಾಸರಗೋಡಿನಲ್ಲಿ ಕೂತು ಅದನ್ನು ಬರೆಯಲು ನನ್ನಿಂದ ಸಾಧ್ಯವಿಲ್ಲ. ನಮ್ಮಲ್ಲಿ ವಿಷ ಆಕಾಶದಿಂದಲೇ ಬಿದ್ದಿದೆ. 1970ರ ದಶಕದ ಕೊನೆಯಿಂದ 2000ದವರೆಗೆ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸಿಂಪಡಿಸಿದರು. ತೋಟದ ಕೆಳಗೆ ಮನೆಗಳಿದ್ದವು, ಬಾವಿಗಳಿದ್ದವು, ತೋಡು, ಸುರಂಗ, ಮಕ್ಕಳು ನಡೆದು ಹೋಗುವ ಶಾಲೆಯ ದಾರಿ, ಎಲ್ಲ ಇದ್ದವು. 2011ರಲ್ಲಿ ಸುಪ್ರೀಂ ಕೋರ್ಟು ದೇಶದಲ್ಲೆಲ್ಲ ಅದನ್ನು ನಿಲ್ಲಿಸಿತು. 2017ರ ಜನವರಿಯಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ಕೇರಳ ಸರಕಾರಕ್ಕೆ ಹೇಳಿತು. ಆ ಮನೆಗಳ ಕಾಗದಪತ್ರ ನನ್ನ ಮೇಜಿಗೂ ಬರುತ್ತದೆ. ಮೀಸೆ ಬಂದ ಮಗನನ್ನು ಕಂಕುಳಲ್ಲಿ ಎತ್ತಿಕೊಂಡು ರಿಕ್ಷಾದಿಂದ ಇಳಿಯುವ ಅಮ್ಮಂದಿರು ಇಲ್ಲಿದ್ದಾರೆ. ವಿಷದಿಂದ ಬಲ ಬಂತು ಎನ್ನುವ ಅಧ್ಯಾಯವನ್ನು ಅವರೆದುರು ಕೂತು ಗಟ್ಟಿಯಾಗಿ ಓದಲು ಆಗುತ್ತದಾ? ಆಗದ್ದನ್ನು ಬರೆಯಬಾರದು. ನನಗೆ ಲೆಕ್ಕ ಇಷ್ಟೇ.

ಹಾಗಂತ ಆ ವಿಷಯವನ್ನೇ ದೂರ ಇಡಲೂ ಮನಸ್ಸಾಗಲಿಲ್ಲ. ಸುನೀತಾಳ ಅಣ್ಣ ಮಲಗಿದಲ್ಲೇ ಇರುವವನು. ತಂಗಿಯ ಶಕ್ತಿಯಿಂದ ಅವನು ಗುಣವಾಗುವುದಿಲ್ಲ, ಇದನ್ನು ಮೊದಲ ಅಧ್ಯಾಯದಲ್ಲೇ ಓದುಗರಿಗೆ ತಿಳಿಸಿಬಿಟ್ಟಿದ್ದೇನೆ. ಕೊನೆಯಲ್ಲಿ ಪವಾಡವಾಗಿ ಎದ್ದು ನಡೆಯಬಹುದು ಅಂತ ಯಾರೂ ಕಾಯಬಾರದು. ಅವನಿಗೆ ಕ್ರಿಕೆಟಿನ ಹುಚ್ಚು, ಹಠ ಜಾಸ್ತಿ, ತಂಗಿಯ ಜತೆ ದಿನಾ ಜಗಳ. ಅವಳು ಒರತೆ ಎಂದು ಮೊದಲು ಪತ್ತೆ ಹಚ್ಚಿದವನೂ ಅವನೇ.

ಹಾಗಾದರೆ ಶಕ್ತಿ? ಹಗಲು ನಾನು ಬದಿಯಡ್ಕದ ಒಂದು ಅಕ್ಷಯ ಕೇಂದ್ರದಲ್ಲಿ, ಅಂದರೆ ಸರಕಾರಿ ಅರ್ಜಿಗಳನ್ನು ತುಂಬಿಸಿಕೊಡುವಲ್ಲಿ, ಕಂಪ್ಯೂಟರಿನ ಮುಂದೆ ಕೂರುವವಳು. ಅರ್ಜಿಗಳು ಹೆಚ್ಚಾಗಿ ಮಲಯಾಳದಲ್ಲಿ, ಬರುವ ಹಿರಿಯರಲ್ಲಿ ಬಹಳ ಮಂದಿಗೆ ಓದಲು ಬರುವುದು ಕನ್ನಡ ಮಾತ್ರ. "ಇದರಲ್ಲಿ ಎಂತ ಬರ್ದದ್ದು ಮಗಾ?" ಎಂದು ಕಾಗದ ಚಾಚುತ್ತಾರೆ, ನಾನು ಓದಿ ಹೇಳುತ್ತೇನೆ. ಪಿಂಚಣಿಯ ಮಸ್ಟರಿಂಗ್ ಬಂತೆಂದರೆ ಬಾಗಿಲು ತೆಗೆಯುವ ಮೊದಲೇ ಸಾಲು. ಬದುಕಿದ್ದೇವೆ ಎಂದು ಬೆರಳಚ್ಚು ಒತ್ತಿ ತೋರಿಸಬೇಕು. ಹಾಗೆ ಒಂದು ದಿನ ಬಂದವರು ಆ ಅಜ್ಜ. ಹೆಬ್ಬೆರಳು ಇಟ್ಟರು, ಯಂತ್ರ ಹಿಡಿಯಲಿಲ್ಲ. ಪಂಚೆಯ ತುದಿಗೆ ಒರೆಸಿ ಮತ್ತೆ ಇಟ್ಟರು. ಇನ್ನೊಂದು ಕೈಯನ್ನೂ ಇಡಿಸಿದೆ, ಒಂದೊಂದೇ ಬೆರಳು ಇಡಿಸಿದೆ. ಕೊನೆಗೆ ಅವರ ಕೈ ಹಿಡಿದು ಬೆಳಕಿಗೆ ತಿರುಗಿಸಿ ನೋಡಿದೆ. ಬೆರಳ ತುದಿಯಲ್ಲಿ ಗೆರೆಯೇ ಇಲ್ಲ. ಗೆರೆ ಇರಬೇಕಾದಲ್ಲಿ ಅಡ್ಡಾದಿಡ್ಡಿ ಸಣ್ಣ ಬಿರುಕುಗಳು, ಬಿರುಕಿನೊಳಗೆ ಎಷ್ಟು ತೊಳೆದರೂ ಹೋಗದ ಕೆಂಪು.

"ಎಂತ ಕೆಲಸ ಅಜ್ಜ ನಿಮ್ಮದು?"

"ಸುರಂಗ. ಈಗ ಆಗುದಿಲ್ಲ. ಮುರಕಲ್ಲು ತಿಂದದ್ದು ಇದನ್ನೆಲ್ಲ."

ಕಣ್ಣಿನ ಸ್ಕ್ಯಾನರ್ ತಂದು ಅವರ ಕೆಲಸ ಮುಗಿಸಿ ಕಳಿಸಿದೆ. ಯಂತ್ರಕ್ಕೆ ಗುರುತು ಸಿಗದ ಬೆರಳನ್ನು ಕಲ್ಲು ಗುರುತು ಹಿಡಿಯುತ್ತದೆ ಎಂಬ ಸಾಲನ್ನು ಅವತ್ತೇ ಒಂದು ಹಳೆಯ ರಶೀದಿಯ ಬೆನ್ನಿಗೆ ಬರೆದಿಟ್ಟುಕೊಂಡೆ. ಅಜ್ಜನಿಂದ ಮೊಮ್ಮಗಳಿಗೆ ಬಂದದ್ದು ಆ ಬೆರಳು. ಒರತೆ ಹುಟ್ಟಿದ್ದು ಹಾಗೆ.

ಘಟ್ಟದ ಮೇಲಿನ ಓದುಗರಿಗಾಗಿ ಹೇಳಬೇಕು, ನಮ್ಮ ಸುರಂಗದಲ್ಲಿ ರೈಲು ಹೋಗುವುದಿಲ್ಲ. ಅದು ಗುಡ್ಡೆಯ ಬದಿಯಿಂದ ಒಳಕ್ಕೆ ಕೈಯಲ್ಲೇ ಕಡಿದ ನೀರಿನ ದಾರಿ. ಒಬ್ಬ ಮನುಷ್ಯ ತಲೆ ಬಗ್ಗಿಸಿ ಹೋಗುವಷ್ಟು ಎತ್ತರ, ಭುಜ ಎರಡೂ ಕಡೆ ತಾಗುವಷ್ಟು ಅಗಲ. ಉದ್ದಕ್ಕೆ ಕೋಲಿನ ಅಳತೆ, ಒಂದು ಕೋಲೆಂದರೆ ಸುಮಾರು 72 ಸೆಂಟಿಮೀಟರ್. ಒಬ್ಬ ಪಿಕ್ಕಾಸಿನಲ್ಲಿ ಕಡಿಯುತ್ತಾನೆ, ಇನ್ನೊಬ್ಬ ಮಣ್ಣು ಹೊರಗೆ ಸಾಗಿಸುತ್ತಾನೆ. ಎಲ್ಲಿ ಕಡಿದರೆ ನೀರುಂಟು ಎಂಬುದನ್ನು ಹುತ್ತ, ಮರಗಿಡ ನೋಡಿ ಅಂದಾಜು ಮಾಡುತ್ತಾರೆ. ಒಳಗೆ ಹೋದ ಹಾಗೆ ನೆಲ ಗೊತ್ತಾಗದಷ್ಟು ಮೆಲ್ಲಗೆ ಏರುತ್ತಾ ಹೋಗಬೇಕು. ಹಾಗಿದ್ದರೆ ಮಾತ್ರ ಸಿಕ್ಕಿದ ನೀರು ಪಂಪಿಲ್ಲದೆ, ಕರೆಂಟಿಲ್ಲದೆ ತಾನಾಗಿ ಹರಿದು ಸುರಂಗದ ಬಾಯಿಯವರೆಗೆ ಬರುತ್ತದೆ. ಪೆರ್ಲದ ಹತ್ತಿರ ವಾಣಿನಗರದ ಶ್ರೀ ಪಡ್ರೆಯವರು ಈ ಸುರಂಗಗಳ ಬಗ್ಗೆ ದಶಕಗಳಿಂದ ಬರೆಯುತ್ತಾ ಬಂದಿದ್ದಾರೆ. ನಮ್ಮ ಕಾಲಬುಡದಲ್ಲೇ ಇದ್ದದ್ದರ ಬೆಲೆ ನನಗೆ ತಿಳಿದದ್ದು ಅಂಥ ಬರಹಗಳಿಂದ.

ಆಮೇಲೆ ಒಂದು ರಜೆಯ ದಿನ ಹುಡುಕಿಕೊಂಡು ಆ ಅಜ್ಜನ ಮನೆಗೆ ಹೋದೆ. ಒಳಗೆ ಕೆಲಸ ಮಾಡುವಾಗ ಮೇಣದ ಬತ್ತಿ ಉರಿಸಿಡುವುದು ಬರೇ ಬೆಳಕಿಗಾಗಿ ಎಂದು ನಾನು ತಿಳಿದಿದ್ದೆ. "ಬೆಳಕಿಗೂ ಹೌದು. ಗಾಳಿ ಉಂಟಾ ಇಲ್ಲವಾ ಹೇಳಿ ನೋಡ್ಲಿಕ್ಕೂ ಹೌದು. ಬತ್ತಿ ಸಣ್ಣ ಆಯ್ತಾ, ಅರ್ಧ ಕಡಿದ ಕಲ್ಲನ್ನೂ ಹಾಗೇ ಬಿಟ್ಟು ಬರ್ಬೇಕು. ಇನ್ನೊಂದು ಪೆಟ್ಟು ಹಾಕಿ ಬರ್ತೇನೆ ಹೇಳಿದವ ಬರುದಿಲ್ಲ" ಎಂದರು. ಹೇಳುತ್ತಾ ಕೈಯನ್ನು ನೆಲದ ಮೇಲೆ ಅಡ್ಡ ಇಟ್ಟು, ಬತ್ತಿ ಎಲ್ಲಿ ಇಡುವುದು, ಬೆನ್ನು ಎಷ್ಟು ಬಗ್ಗಿಸುವುದು ಎಂದು ತೋರಿಸಿದರು.

ನನಗೆ ಬೇಕಾದದ್ದೆಲ್ಲ ಅಲ್ಲೇ ಸಿಕ್ಕಿತು. ಸೂಪರ್‌ಹೀರೋ ಕಥೆ ಬರೆಯುವವರು ಶಕ್ತಿಗಿಂತ ಮೊದಲು ಅದರ ಮಿತಿಯನ್ನು ಬರೆದಿಟ್ಟುಕೊಳ್ಳಬೇಕು ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ. ಎಲ್ಲವೂ ಆಗುವವಳಿಗೆ ಕಥೆಯೇ ಇಲ್ಲ. ಒರತೆಯ ಮಿತಿಗಳನ್ನು ನಾನು ಸೃಷ್ಟಿಸಲಿಲ್ಲ, ಸುರಂಗದಿಂದ ಎತ್ತಿಕೊಂಡೆ. ಅವಳು ನೀರನ್ನು ಏರಿಗೆ ಹತ್ತಿಸಲಾರಳು, ಇಳಿಜಾರು ಇದ್ದಲ್ಲಿ ಮಾತ್ರ ಅದು ಅವಳ ಮಾತು ಕೇಳುತ್ತದೆ. ಮುರಕಲ್ಲಿನಲ್ಲಿ ನಡೆಯುವ ಶಕ್ತಿ ಕರಿಕಲ್ಲಿನಲ್ಲಿ ನಡೆಯುವುದಿಲ್ಲ, ಕಾಂಕ್ರೀಟಿನಲ್ಲಿ ಮೊದಲೇ ಇಲ್ಲ. ಶಕ್ತಿ ಬಳಸುವಷ್ಟು ಹೊತ್ತು ಅವಳ ಸುತ್ತ ಗಾಳಿ ತೆಳುವಾಗುತ್ತಾ ಹೋಗುತ್ತದೆ. ಅದಕ್ಕೇ ಜೇಬಿನಲ್ಲಿ ಯಾವಾಗಲೂ ಒಂದು ಮೇಣದ ಬತ್ತಿ, ಬೆಂಕಿಪೆಟ್ಟಿಗೆ. ಮೇ ತಿಂಗಳಲ್ಲಿ ಅವಳಿಗೆ ಏನೂ ಕೇಳುವುದಿಲ್ಲ, ಆಟಿಯ (ಜುಲೈ-ಆಗಸ್ಟಿನ) ಮಳೆಯಲ್ಲಿ ಎಲ್ಲ ಕಡೆಯಿಂದ ಕೇಳಿ ತಲೆ ಸಿಡಿಯುತ್ತದೆ.

ಈ ನಿಯಮಗಳು ಕಥೆಯನ್ನು ಹೇಗೆ ನಡೆಸುತ್ತವೆ ಎನ್ನುವುದಕ್ಕೆ ಒಂದು ಅಧ್ಯಾಯದ ಉದಾಹರಣೆ ಕೊಡುತ್ತೇನೆ. ಮಾರ್ಚಿನಲ್ಲಿ ಗುಡ್ಡೆಯ ಮುಳಿಹುಲ್ಲಿಗೆ ಬೆಂಕಿ ಬೀಳುತ್ತದೆ. ಬೆಂಕಿ ಮೇಲೆ, ನೀರೆಲ್ಲ ಕೆಳಗೆ. ನೀರು ಏರಬಹುದಾಗಿದ್ದರೆ ಅದು ಒಂದು ಪುಟದ ಕೆಲಸ. ಏರುವುದಿಲ್ಲವಾದ್ದರಿಂದ ಅವಳು ಬೆಂಕಿಗಿಂತ ಎತ್ತರದಲ್ಲಿರುವ, ಯಾರೋ ಅರ್ಧಕ್ಕೆ ಬಿಟ್ಟ ಒಂದು ಹಳೆಯ ಸುರಂಗ ಹುಡುಕಬೇಕು. ಅದು ಎಲ್ಲಿದೆಯೆಂದು ಗೊತ್ತಿರುವುದು ಅಜ್ಜನಿಗೆ ಮಾತ್ರ. ಅಜ್ಜ ಅವಳೊಡನೆ ಮಾತು ಬಿಟ್ಟು ತಿಂಗಳಾಗಿದೆ. ಒಳಗೆ ಬಾವಲಿಗಳು, ಕೊನೆಯಲ್ಲಿ ಒಂದು ಗೇಣು ಕಲ್ಲು ಉಳಿದಿದೆ, ಬತ್ತಿ ಸಣ್ಣಗಾಗುತ್ತಿದೆ. ಬೆಂಕಿ ಆರಿಸುವುದಕ್ಕಿಂತ ಅಜ್ಜನನ್ನು ಮಾತಾಡಿಸುವುದೇ ಆ ಅಧ್ಯಾಯದಲ್ಲಿ ದೊಡ್ಡ ಕೆಲಸವಾಯಿತು. ನಾನು ಇಲ್ಲಿಯವರೆಗೆ ಬರೆದದ್ದರಲ್ಲಿ ನನಗೆ ತುಂಬ ಇಷ್ಟವಾದ ಭಾಗ ಅದು.

ಇನ್ನು ಮುಖವಾಡ. ದೊಡ್ಡ ಪಟ್ಟಣದಲ್ಲಿ ಕಣ್ಣಿಗೊಂದು ಪಟ್ಟಿ ಕಟ್ಟಿಕೊಂಡರೆ ಯಾರೆಂದು ಗೊತ್ತಾಗದೆ ಇರಬಹುದು. ನಮ್ಮೂರಿನಲ್ಲಿ ನಡಿಗೆ ನೋಡಿಯೇ ಯಾರ ಮನೆಯ ಮಗಳು ಎಂದು ಬಸ್‌ಸ್ಟ್ಯಾಂಡಿನಲ್ಲಿ ಕೂತವರು ಹೇಳುತ್ತಾರೆ. ಗುಟ್ಟಾಗಿ ಉಳಿಯುವ ನಾಯಕಿಯನ್ನು ಬರೆದರೆ ಇಲ್ಲಿಯ ಓದುಗರು ಒಪ್ಪುವುದಿಲ್ಲ. ಇದಕ್ಕೆ ದಾರಿ ತೋರಿಸಿದ್ದು ಭೂತದ ಕೋಲ. ಬಣ್ಣ ಹಚ್ಚಿ ಅಣಿ ಕಟ್ಟಿದವರು ಯಾರೆಂದು ಸೇರಿದವರಿಗೆಲ್ಲ ಗೊತ್ತು, ಬೆಳಿಗ್ಗೆ ಅಂಗಡಿಯಲ್ಲಿ ಜತೆಗೆ ಚಾ ಕುಡಿದವರೇ ಇರುತ್ತಾರೆ. ಆದರೂ ಕಳದಲ್ಲಿ ನಿಂತಾಗ ಕೈ ಮುಗಿಯುವುದು ದೈವಕ್ಕೆ, ಹೆಸರು ಹಿಡಿದು ಯಾರೂ ಕರೆಯುವುದಿಲ್ಲ. ನನ್ನ ಕಥೆಯಲ್ಲೂ ಊರಿಗೆ ಊರೇ ಬಲ್ಲದು, ಊರಿಗೆ ಊರೇ ಬಾಯಿ ಬಿಡುವುದಿಲ್ಲ. ಅವಳು ಅಂಗೈಗೆ ಕೆಂಪು ಮಣ್ಣು ಬಳಿದುಕೊಂಡಾಗ ಮಾತ್ರ ಅವಳು ಒರತೆ, ತೊಳೆದ ಮೇಲೆ ಸುನೀತಾ. ಹೊರಗಿನಿಂದ ಬಂದು ಅವಳನ್ನು ಹುಡುಕುವವರಿಗೆ ಸಿಗುವ ಉತ್ತರ ಕನ್ನಡ, ತುಳು, ಮಲಯಾಳ, ಬ್ಯಾರಿ, ಕೊಂಕಣಿ, ಮರಾಟಿಯಲ್ಲಿ ಒಂದೇ: ನಾವು ನೋಡಲಿಲ್ಲ. ಭೂತಾರಾಧನೆಯನ್ನು ಕಥೆಯ ಅಲಂಕಾರಕ್ಕೆ ಬಳಸಬಾರದು ಎಂಬ ಎಚ್ಚರ ನನಗಿದೆ. ಒರತೆ ದೈವವಲ್ಲ, ಅವಳ ಮೈಮೇಲೆ ಏನೂ ಬರುವುದಿಲ್ಲ. ನಾನು ತೆಗೆದುಕೊಂಡದ್ದು ಜನರ ಆ ಮರ್ಯಾದೆಯನ್ನು ಮಾತ್ರ.

ಖಳನ ವಿಷಯದಲ್ಲಿ ನನ್ನ ಗುರು ಯಕ್ಷಗಾನ. ತೆಂಕುತಿಟ್ಟಿನ (ತೆಂಕಣ ಶೈಲಿಯ) ಪ್ರಸಂಗಗಳನ್ನು ಬರೆದ ಪಾರ್ತಿಸುಬ್ಬ ನಮ್ಮ ಕುಂಬಳೆಯವನು, ಆಟ ನೋಡಿಯೇ ಬೆಳೆದವರು ನಾವು. ಬಣ್ಣದ ವೇಷವನ್ನು, ಅಂದರೆ ರಾಕ್ಷಸ ಪಾತ್ರವನ್ನು, ಸಂಜೆಗೇ ರಂಗಕ್ಕೆ ಬಿಡುವುದಿಲ್ಲ. ನಡುರಾತ್ರಿ ಕಳೆದು, ಮಕ್ಕಳು ತೂಕಡಿಸುವ ಹೊತ್ತಿಗೆ, ಜನರ ನಡುವಿನಿಂದ ದೊಂದಿಯ ಬೆಂಕಿಯೊಡನೆ ಆರ್ಭಟ ಕೇಳುತ್ತದೆ. ಮುಖ ಕಾಣುವ ಮೊದಲು ದನಿ, ದನಿಗಿಂತ ಮೊದಲು ಚೆಂಡೆ. ನನ್ನ ಖಳನ ಹೆಸರು ಸಾವಿರಡಿ. ಬೋರ್‌ವೆಲ್ ಕೊರೆಸುವವನು, ಎಷ್ಟೇ ಆಳದ ನೀರನ್ನೂ ಮೇಲಕ್ಕೆ ಸೆಳೆಯುವ ಶಕ್ತಿ ಅವನದು. ಒರತೆಗೆ ಆಗದ್ದು ಅವನಿಗೆ ಆಗುತ್ತದೆ. ಬಹಳ ಅಧ್ಯಾಯಗಳವರೆಗೆ ಅವನನ್ನು ಯಾರೂ ಕಾಣುವುದಿಲ್ಲ. ಒಂದೊಂದೇ ಸುರಂಗ ಬತ್ತುತ್ತಾ ಬರುತ್ತದೆ, ಮದಕದ (ಮಳೆನೀರಿನ ಕೆರೆಯ) ನೀರು ಇಳಿಯುತ್ತದೆ, ರಾತ್ರಿ ದೂರದಲ್ಲಿ ಕೊರೆಯುವ ಸದ್ದು. ಎದುರು ಬಂದಾಗ ಅವನು ಹೇಳುವ ಮಾತಿನಲ್ಲಿ ನ್ಯಾಯವೂ ಇರಬೇಕು ಎಂದು ಹಟ ಹಿಡಿದು ಬರೆದಿದ್ದೇನೆ. ಸುರಂಗ ಇದ್ದದ್ದು ಜಾಗ ಇದ್ದವರ ತೋಟದಲ್ಲಿ, ತೋಡಿದವರ ಮನೆಗೆ ಅದರ ನೀರು ಬರಲಿಲ್ಲ, ಅವನ ಅಮ್ಮ ಇಡೀ ಆಯುಸ್ಸು ಕೊಡ ಹೊತ್ತಳು. ಒರತೆಯ ಅಜ್ಜನೂ ಅದಕ್ಕೆ ಇಲ್ಲ ಎನ್ನಲಾರರು.

ಪ್ರಕಟಿಸುವ ಬಗ್ಗೆಯೂ ಕೇಳುತ್ತಾರೆ, ಅದನ್ನು ಬೇಗ ಹೇಳಿ ಮುಗಿಸುತ್ತೇನೆ. ಅಮ್ಮ 'ತರಂಗ'ದ ಧಾರಾವಾಹಿಗಳ ಹಾಳೆ ಬಿಡಿಸಿ ದಾರದಲ್ಲಿ ಹೊಲಿದು ಪುಸ್ತಕ ಮಾಡಿ ಇಡುತ್ತಿದ್ದರು. ವಾರದ ಕಂತು ಹೇಗಿರಬೇಕು ಎಂದು ನಾನು ಕಲಿತದ್ದು ಆ ಕಟ್ಟುಗಳಿಂದ. ಹೋದ ವಾರ ಓದದವರಿಗೂ ಮೊದಲ ಪ್ಯಾರಾದಲ್ಲಿ ದಾರಿ ಸಿಗಬೇಕು, ನಡುವೆ ಒಂದಾದರೂ ಸಂಗತಿ ಪೂರ್ತಿ ಮುಗಿಯಬೇಕು, ಕೊನೆಯಲ್ಲಿ ಇನ್ನೊಂದು ತೆರೆದುಕೊಳ್ಳಬೇಕು. ಬರೇ ಕುತೂಹಲದಲ್ಲಿ ನಿಲ್ಲಿಸುತ್ತಾ ಹೋದರೆ ಓದುವವರು ಸುಸ್ತಾಗುತ್ತಾರೆ. ಒಂದು ಅಧ್ಯಾಯ 1,200ರಿಂದ 1,500 ಪದ. ಓದುವುದೆಲ್ಲ ಫೋನಿನಲ್ಲಿ, ಬಸ್ಸಿನಲ್ಲಿ ಆದ್ದರಿಂದ ಪ್ಯಾರಾಗಳು ಗಿಡ್ಡವಿರಲಿ. ಮೊದಲ ಅಧ್ಯಾಯ ಹಾಕುವ ಮುಂಚೆಯೇ ಮುಂದಿನ ಕೆಲವು ಬರೆದು ಕೈಯಲ್ಲಿಟ್ಟುಕೊಳ್ಳಿ. ಮಸ್ಟರಿಂಗ್ ಇದ್ದ ತಿಂಗಳು ನಾನು ರಾತ್ರಿ ಮನೆಗೆ ಬಂದು ಬರೆದದ್ದು ಏನೇನೂ ಇಲ್ಲ, ಆದರೂ ಒಂದು ಭಾನುವಾರವೂ ತಪ್ಪಲಿಲ್ಲ.

ಟೈಪ್ ಮಾಡುವುದು ಯೂನಿಕೋಡಿನಲ್ಲೇ ಆಗಬೇಕು. ಡಿಟಿಪಿ ಅಂಗಡಿಗಳಲ್ಲಿ ಈಗಲೂ ನಡೆಯುವ ಹಳೆಯ ಫಾಂಟುಗಳಲ್ಲಿ ಬರೆದದ್ದನ್ನು ತಂದು ಅಂಟಿಸಿದರೆ ಅಕ್ಷರದ ಬದಲು ಅರ್ಥವಿಲ್ಲದ ಗುರುತುಗಳು ಬರುತ್ತವೆ. ನಾನು ಬಳಸುವುದು ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ, ಅವರೂ ಕರಾವಳಿಯವರೇ ಎಂಬುದು ನನಗೊಂದು ಅಭಿಮಾನ.

ಹಕ್ಕಿನ ವಿಷಯ ಮಾತ್ರ ಯಾರೂ ಹಗುರವಾಗಿ ತೆಗೆದುಕೊಳ್ಳಬೇಡಿ. ಸೂಪರ್‌ಮ್ಯಾನ್‌ನನ್ನು ಸೃಷ್ಟಿಸಿದ ಜೆರ್ರಿ ಸೀಗಲ್ ಮತ್ತು ಜೋ ಶಸ್ಟರ್ ಅವನ ಎಲ್ಲ ಹಕ್ಕನ್ನು ಪ್ರಕಾಶಕರಿಗೆ ಬಿಟ್ಟುಕೊಟ್ಟದ್ದು 130 ಡಾಲರಿಗೆ. ಆಮೇಲೆ ಆ ಹೆಸರಿನಲ್ಲಿ ದುಡಿದ ಹಣ ಎಷ್ಟೆಂದು ಲೋಕಕ್ಕೇ ಗೊತ್ತು. ಅವರಿಬ್ಬರೂ ವರ್ಷಗಟ್ಟಲೆ ಕೋರ್ಟು ಅಲೆದರು. ನಮ್ಮಲ್ಲಿ 1957ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ ಬರೆದ ಕ್ಷಣವೇ ಹಕ್ಕು ಬರೆದವರದ್ದು, ನೋಂದಣಿ ಮಾಡಿಸಲೇಬೇಕೆಂದಿಲ್ಲ. ಬರೆದವರ ಜೀವಮಾನ, ಅವರ ನಂತರ 60 ವರ್ಷ ಅದು ಉಳಿಯುತ್ತದೆ. ಆದರೆ ಒಂದು ಸಹಿ, ಒಂದು ಒಪ್ಪಿಗೆಯ ಗುರುತು ಸಾಕು, ಅದು ಕೈ ಬಿಟ್ಟುಹೋಗಬಹುದು. ಎಲ್ಲೇ ಪ್ರಕಟಿಸುವುದಾದರೂ ಅಲ್ಲಿಯ ಷರತ್ತುಗಳನ್ನು ಕೂತು ಓದಿ. ಆಡಿಯೋ, ಸಿನಿಮಾ, ಅನುವಾದ ಎಂಬ ಪದಗಳು ಎಲ್ಲಿ ಬರುತ್ತವೆ, ಎಷ್ಟು ಕಾಲಕ್ಕೆ ಎಂದಿದೆ ಎಂದು ಬೆರಳಿಟ್ಟು ನೋಡಿ. ದಿನವಿಡೀ ಬೇರೆಯವರ ಅರ್ಜಿಯ ಸಣ್ಣ ಅಕ್ಷರ ಓದಿ ಹೇಳುವವಳಾಗಿ ಇದನ್ನು ಒತ್ತಿ ಹೇಳುತ್ತಿದ್ದೇನೆ.

ಈಗ ಬರೆಯುತ್ತಿರುವುದು ಸಾವಿರಡಿ ಮತ್ತು ಒರತೆ ಒಂದೇ ಸುರಂಗದೊಳಗೆ ಸಿಕ್ಕಿಬೀಳುವ ಅಧ್ಯಾಯ. ಹೊರಗೆ ಮಣ್ಣು ಜರಿದಿದೆ, ಇರುವುದು ಒಂದೇ ಬತ್ತಿ. ಆ ಅಜ್ಜನಿಗೆ ಈಗ ಕಿವಿ ಸರಿ ಕೇಳಿಸುವುದಿಲ್ಲ, ಎಲ್ಲವನ್ನೂ ಅವರನ್ನೇ ಕೇಳಲು ಆಗುತ್ತಿಲ್ಲ. ಎಣ್ಮಕಜೆ, ಬೆಳ್ಳೂರು, ಕುಂಬ್ಡಾಜೆ, ಬಾಯಾರು ಕಡೆಯ ನಿಮ್ಮ ಮನೆಯಲ್ಲಿ ಸುರಂಗದ ಕೆಲಸ ಮಾಡಿದವರು ಯಾರಾದರೂ ಇದ್ದರೆ ಒಂದು ಉಪಕಾರ ಮಾಡಿ. ಸುರಂಗದ ಬಾಯಿ ಮುಚ್ಚಿಹೋದರೆ ಒಳಗಿದ್ದವರು ಮೊದಲು ಏನು ಮಾಡುತ್ತಿದ್ದರು, ಹೊರಗಿದ್ದವನಿಗೆ ಹೇಗೆ ಸುದ್ದಿ ಮುಟ್ಟಿಸುತ್ತಿದ್ದರು, ಗಾಳಿಗೆಂದು ಮೇಲಿನಿಂದ ಗುಂಡಿ ತೆಗೆಯುವಾಗ ಜಾಗ ಹೇಗೆ ಗುರುತು ಮಾಡುತ್ತಿದ್ದರು ಎಂದು ಕೇಳಿ ನನಗೆ ಬರೆಯಿರಿ. ಯಾವ ಭಾಷೆಯಲ್ಲಿ ಬರೆದರೂ ಆಗುತ್ತದೆ. ಅವರು ಹೇಳಿದ ಮಾತನ್ನು ಹಾಗೇ ಬರೆಯಿರಿ, ತಿದ್ದಬೇಡಿ.